ಬಿಷಪ್ ಕಾಟನ್ ಬಾಲಕರ ಶಾಲೆ, ಬೆಂಗಳೂರು: ಹಿನ್ನೆಲೆ ಹಾಗೂ ಪ್ರವೇಶ ಕೋರುವ ಪೋಷಕರಿಗೆ ಮಾಹಿತಿ

ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಹಿನ್ನೆಲೆ

ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಆಗಿದ್ದ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಅವರು ಭಾರತದಲ್ಲಿ ನೆಲೆಸಿದ್ದ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗಾಗಿ ಶಾಲೆಗಳನ್ನು ತೆರೆಯುವ ಯೋಜನೆಯನ್ನು ರೂಪಿಸಿದ್ದರು. ಈ ಯೋಜನೆಯ ಪ್ರೇರಣೆಯಿಂದ ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ ಅವರು 1865ರಲ್ಲಿ ಬೆಂಗಳೂರಿನಲ್ಲಿ ಈ ಶಾಲೆಯನ್ನು ಸ್ಥಾಪಿಸಿದರು. ಮರು ವರ್ಷವೇ ಬಿಷಪ್ ಕಾಟನ್ ಅವರು ನದಿಯಲ್ಲಿ ಮುಳುಗಿ ನಿಧನ ಹೊಂದಿದರು. ಶಾಲೆಯು ಈಗ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿದ್ದು, ವಸತಿ ವಿದ್ಯಾರ್ಥಿಗಳು ಹಾಗೂ ಮನೆಯಿಂದ ಬಂದು ಹೋಗುವ ವಿದ್ಯಾರ್ಥಿಗಳು ಇಲ್ಲಿ ವ್ಯಾಸಂಗ ಮಾಡುತ್ತಾರೆ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಹಾಗೂ ಪರಮಾಣು ವಿಜ್ಞಾನಿ ಡಾ. ರಾಜಾ ರಾಮಣ್ಣ ಅವರು ಈ ಶಾಲೆಯ ಹಳೆಯ ವಿದ್ಯಾರ್ಥಿಗಳು.

ಆಡಳಿತ

1947ರಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್ ಸಭೆಯು ಇತರ ಪ್ರೊಟೆಸ್ಟೆಂಟ್ ಸಭೆಗಳೊಡನೆ ಸೇರಿ ದಕ್ಷಿಣ ಭಾರತ ಸಭೆಯಾಯಿತು. ಶಾಲೆಯು ಈ ಸಭೆಗೆ ಸೇರಿದ ಖಾಸಗಿ ಸಂಸ್ಥೆಯಾಗಿದ್ದು, ಐ.ಸಿ.ಎಸ್.ಇ. ಪಠ್ಯಕ್ರಮವನ್ನು ಅನುಸರಿಸುತ್ತದೆ.

ಪೋಷಕರ ಗಮನಕ್ಕೆ

1. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಖಾಸಗಿ ಅನುದಾನರಹಿತ ಶಾಲೆಗಳು ಆರಂಭಿಕ ತರಗತಿಯ ಶೇ. 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗ ಹಾಗೂ ಅವಕಾಶವಂಚಿತ ಗುಂಪಿನ ಮಕ್ಕಳಿಗೆ ಮೀಸಲಿಡತಕ್ಕದ್ದು. ಆದರೆ ಸಂವಿಧಾನದ 30(1)ನೇ ಅನುಚ್ಛೇದದ ರಕ್ಷಣೆಯುಳ್ಳ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆಯು ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ ತಿಂಗಳಿನಲ್ಲಿ ತೀರ್ಪು ನೀಡಿತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ಈ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ವಿಸ್ತೃತ ಪೀಠದ ಪರಿಗಣನೆಗೆ ಕಳುಹಿಸಿತು.

2. ಆದುದರಿಂದ ಶಾಲೆಯು ಮನೆಯ ಸಮೀಪದಲ್ಲಿದೆ ಅಥವಾ ಹೆಸರಾಂತ ಶಾಲೆಯಾಗಿದೆ ಎಂಬ ಕಾರಣಕ್ಕೆ ಈ ಕಾಯ್ದೆಯಡಿ ಸ್ಥಾನ ದೊರೆಯುವುದೆಂದು ಭಾವಿಸತಕ್ಕದ್ದಲ್ಲ. ಆಯಾ ವರ್ಷ ಇಲಾಖೆಯು ಪ್ರಕಟಿಸುವ ಪಟ್ಟಿಯಲ್ಲಿ ಶಾಲೆಯ ಹೆಸರು ಇದೆಯೇ ಎಂಬುದನ್ನು ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸುವುದು. ಪಟ್ಟಿಯಲ್ಲಿಲ್ಲದ ಶಾಲೆಯನ್ನೇ ನೆಚ್ಚಿ ಕುಳಿತಲ್ಲಿ, ಕೊನೆಯ ದಿನಾಂಕ ಕಳೆದು, ಮಗುವಿಗೆ ಬೇರೆ ಶಾಲೆಯಲ್ಲಿ ದೊರೆಯಬಹುದಾಗಿದ್ದ ಸ್ಥಾನವೂ ತಪ್ಪುವ ಸಂಭವವಿರುತ್ತದೆ.

3. ಇತರ ಪ್ರವೇಶಗಳಿಗೆ ಶಾಲೆಯ ಕಛೇರಿಯನ್ನು ನೇರವಾಗಿ ಸಂಪರ್ಕಿಸುವುದು. ಜನನ ಪ್ರಮಾಣ ಪತ್ರ ಹಾಗೂ ಅನ್ವಯಿಸಿದಲ್ಲಿ ವರ್ಗಾವಣೆ ಪ್ರಮಾಣ ಪತ್ರವನ್ನು ಮುಂಚಿತವಾಗಿ ಸಿದ್ಧಪಡಿಸಿಟ್ಟುಕೊಳ್ಳುವುದು.

4. ರಾಜ್ಯದಲ್ಲಿ ಪ್ರವೇಶಕ್ಕಾಗಿ ಕ್ಯಾಪಿಟೇಶನ್ ಶುಲ್ಕ ವಸೂಲು ಮಾಡುವುದನ್ನು 1984ರ ಕಾಯ್ದೆಯು ನಿಷೇಧಿಸಿದೆ. ಯಾವುದೇ ಶಾಲೆಯಲ್ಲಿ ಸ್ಥಾನ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು. ಪಾವತಿಸಿದ ಪ್ರತಿಯೊಂದು ಮೊತ್ತಕ್ಕೂ ರಸೀದಿ ಪಡೆಯತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಆಯಾ ವ್ಯಾಪ್ತಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.