ಕರೆ ಬಂದಾಗ ಮೋಡೆಮ್ ಯಾವ ವೇಗದಲ್ಲಿ ಮಾತನಾಡುತ್ತದೆ?

ಕಾಫಿ ಮಂಡಳಿಯ ಸಂಗ್ರಹಣಾ ಪದ್ಧತಿಯು 1996ರಲ್ಲಿ ಸಂಪೂರ್ಣವಾಗಿ ಕೊನೆಗೊಂಡ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಬೆಳೆಗಾರರೂ ವರ್ತಕರೂ ಲಂಡನ್ ಮತ್ತು ನ್ಯೂಯಾರ್ಕ್ ಪೇಟೆಯ ಧಾರಣೆಯನ್ನು ದಿನನಿತ್ಯ ಗಮನಿಸಬೇಕಾಯಿತು. ಆ ವರ್ಷಗಳಲ್ಲಿ ಕಂಪ್ಯೂಟರನ್ನು ದೂರವಾಣಿ ತಂತಿಗೆ ಜೋಡಿಸುತ್ತಿದ್ದ ಸಾಧನವೇ ಡಯಲ್-ಅಪ್ ಮೋಡೆಮ್. ಅದು ಇಂದು ಮೂಲೆ ಸೇರಿದೆಯಾದರೂ, ಅದರ ಒಂದು ಸ್ವಭಾವ ಪಂಪ್‌ಸೆಟ್ಟುಗಳ ಮೊಬೈಲ್ ಸ್ಟಾರ್ಟರ್‌ನಲ್ಲಿ ಉಳಿದುಕೊಂಡಿದೆ. ಇಂತಹ ಸಾಧನಗಳನ್ನು ತಯಾರಿಸುವವರೂ ಮಾರುವವರೂ ಇದನ್ನು ಅರಿತಿರುವುದು ಲೇಸು.

ಎರಡು ಬೇರೆ ವೇಗಗಳು

ದೂರವಾಣಿ ತಂತಿಯ ಮೇಲಿನ ವೇಗವನ್ನು ಎರಡೂ ತುದಿಯ ಮೋಡೆಮ್‌ಗಳು ತಮ್ಮೊಳಗೆ ನಿರ್ಧರಿಸಿಕೊಳ್ಳುತ್ತವೆ. ಮೋಡೆಮ್ ಮತ್ತು ಕಂಪ್ಯೂಟರ್ ನಡುವಿನ ಸೀರಿಯಲ್ ಪೋರ್ಟ್‌ನ ವೇಗ ಇದರಿಂದ ಬೇರೆಯಾದುದು. ಮಾಹಿತಿಯನ್ನು ಸಂಕುಚಿತಗೊಳಿಸಿ ಕಳುಹಿಸುವುದರಿಂದ, ತಂತಿಯಲ್ಲಿ ಸೆಕೆಂಡಿಗೆ 33,600 ಬಿಟ್ ಹರಿಯುವಾಗ ಪೋರ್ಟನ್ನು 1,15,200ಕ್ಕೆ ಇಡುವುದು ವಾಡಿಕೆಯಾಗಿತ್ತು.

ಹೊರಹೋಗುವ ಕರೆಯಲ್ಲಿ ತೊಡಕಿಲ್ಲ. 1981ರ ಹೇಸ್ ಸ್ಮಾರ್ಟ್‌ಮೋಡೆಮ್‌ನಿಂದ ರೂಢಿಗೆ ಬಂದ ಪದ್ಧತಿಯಂತೆ ಪ್ರತಿ ಆದೇಶವೂ ‘ಎಟಿ’ ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತದೆ. ‘ಎ’ ಅಕ್ಷರದ ಆರಂಭದ ಬಿಟ್ ಎಷ್ಟು ಹೊತ್ತು ಇರುತ್ತದೆಂಬುದನ್ನು ಅಳೆದು ಮೋಡೆಮ್ ಕಂಪ್ಯೂಟರಿನ ವೇಗವನ್ನು ಅರಿಯುತ್ತದೆ.

ಒಳಬರುವ ಕರೆಯ ಸಮಸ್ಯೆ

ಹೊರಗಿನಿಂದ ಕರೆ ಬಂದಾಗ ಮೊದಲು ಮಾತನಾಡಬೇಕಾದುದು ಮೋಡೆಮ್. ‘ರಿಂಗ್’ ಎಂಬ ಸೂಚನೆಯನ್ನು ಅದು ಸಾಮಾನ್ಯವಾಗಿ ಕೊನೆಯ ‘ಎಟಿ’ ಆದೇಶ ಬಂದ ವೇಗದಲ್ಲಿಯೇ ಕಳುಹಿಸುತ್ತದೆ. ನಡುವೆ ವಿದ್ಯುತ್ ಹೋಗಿ ಬಂದರೆ ಆ ನೆನಪು ಅಳಿದು, ಉಳಿಸಿಟ್ಟ ವೇಗಕ್ಕೋ ಕಾರ್ಖಾನೆಯಲ್ಲಿ ನಿಗದಿಯಾದ ವೇಗಕ್ಕೋ ಮರಳುತ್ತದೆ. ಕಂಪ್ಯೂಟರ್ 1,15,200ರಲ್ಲಿ ಕಾಯುತ್ತಿದ್ದು ಮೋಡೆಮ್ 9,600ರಲ್ಲಿ ಕೂಗಿದರೆ ಕೇಳಿಸುವುದು ಅರ್ಥವಿಲ್ಲದ ಅಕ್ಷರಗಳು ಮಾತ್ರ. ತಂತಿಯೂ ಯಂತ್ರವೂ ಸರಿಯಿದ್ದು, ಕರೆ ಮಾತ್ರ ವ್ಯರ್ಥವಾಗುತ್ತದೆ.

ಮೊಬೈಲ್ ಸ್ಟಾರ್ಟರ್‌ಗೂ ಇದೇ ಪಾಠ

ಹೂಮಳೆ ಕೈಕೊಟ್ಟಾಗ ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ರೋಬಸ್ಟಾ ತೋಟಗಳಿಗೆ ತುಂತುರು ನೀರಾವರಿ ಬೇಕು. ಮನೆಯಿಂದಲೇ ಫೋನ್ ಮಾಡಿ ಪಂಪ್ ನಡೆಸುವ ಸ್ಟಾರ್ಟರ್‌ನೊಳಗೆ ಮೊಬೈಲ್ ಮಾಡ್ಯೂಲ್ ಮತ್ತು ನಿಯಂತ್ರಕ ಚಿಪ್ ಸೀರಿಯಲ್ ತಂತಿಯಲ್ಲಿಯೇ ಮಾತನಾಡುವುದುಂಟು. ವೇಗವನ್ನು ತಾನೇ ಗುರುತಿಸುವ ಸ್ಥಿತಿಯಲ್ಲಿರುವ ಮಾಡ್ಯೂಲ್, ವಿದ್ಯುತ್ ಮರಳಿದ ಮೇಲೆ ಒಂದು ‘ಎಟಿ’ ಕೇಳುವವರೆಗೂ ಮೌನವಾಗಿರಬಹುದು. ಆ ಹೊತ್ತಿಗೆ ಬಂದ ಕರೆಗೆ ಪಂಪ್ ಓಡದು; ಹೂವಿನ ಕಾಲದಲ್ಲಿ ತಪ್ಪಿದ ಒಂದು ಸರದಿಯ ನೀರು ಫಸಲಿನ ನಷ್ಟವೇ ಸರಿ.

ಪರಿಹಾರ ಸುಲಭ, ವೆಚ್ಚವೂ ಇಲ್ಲ. ‘ಎಟಿ+ಐಪಿಆರ್’ ಆದೇಶದಿಂದ ವೇಗವನ್ನು ನಿಗದಿಪಡಿಸಿ, ‘ಎಟಿ&ಡಬ್ಲ್ಯೂ’ ಆದೇಶದಿಂದ ಶಾಶ್ವತ ಸ್ಮರಣೆಯಲ್ಲಿ ಉಳಿಸಬೇಕು. ಮಾಡ್ಯೂಲ್‌ನಿಂದ ಮಾಡ್ಯೂಲ್‌ಗೆ ಆದೇಶ ಬೇರೆಯಾಗಬಹುದಾದ್ದರಿಂದ ಕೈಪಿಡಿ ನೋಡುವುದು ಅಗತ್ಯ. ವಿದ್ಯುತ್ ಬಂದೊಡನೆ ಚಿಪ್ ತಾನಾಗಿಯೇ ‘ಎಟಿ’ ಕಳುಹಿಸಿ ಉತ್ತರ ಪಡೆಯುವಂತಿರಬೇಕು.

ಸಾಧನವನ್ನು ಗ್ರಾಹಕರಿಗೆ ಒಪ್ಪಿಸುವ ಮುನ್ನ ವಿದ್ಯುತ್ ಕಡಿದು, ಮತ್ತೆ ಕೊಟ್ಟು, ಯಾವ ಗುಂಡಿಯನ್ನೂ ಮುಟ್ಟದೆ ಒಂದು ಕರೆ ಮಾಡಿ ನೋಡಿರಿ. ಆಗಾಗ್ಗೆ ಕರೆಂಟ್ ಹೋಗಿಬರುವ ಮಲೆನಾಡಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.