ದೋಷವೆಲ್ಲಿದೆ?

ನಾಲ್ಕೈದು ವರ್ಷಗಳ ಹಿಂದಿನ ಮಾತು. ಒಂದು ಬೆಳಗ್ಗೆ ನನ್ನ ಲ್ಯಾಪ್‌ಟಾಪು ಮೌನ ತಾಳಿತು. ಗುಂಡಿಯನ್ನೊತ್ತಿದರೆ ಅಂಚಿನ ದೀಪವೇನೋ ಬೆಳಗುತ್ತಿತ್ತು. ಪರದೆ ಮಾತ್ರ ಅಮಾವಾಸ್ಯೆಯ ಆಕಾಶದಂತೆ ಕಪ್ಪಾಗಿಯೇ ಇತ್ತು. ಸಮೀಪದ ಅಂಗಡಿಯವರು ಅದನ್ನು ಬಿಚ್ಚಿಯೂ ನೋಡದೆ, "ಮದರ್‌ಬೋರ್ಡ್ ಹೋಗಿದೆ ಸಾರ್, ಬದಲಾಯಿಸಬೇಕು" ಎಂದು ತೀರ್ಪಿತ್ತರು. ಅವರು ಹೇಳಿದ ಬೆಲೆ ನನ್ನ ಪಿಂಚಣಿಯ ಬಹುಭಾಗವನ್ನು ನುಂಗುವಂತಿತ್ತು. ಅದಕ್ಕಿಂತ ಹೆಚ್ಚಾಗಿ, ಹಲವು ವರ್ಷಗಳ ನನ್ನ ಬರವಣಿಗೆಯೆಲ್ಲ ಅದರೊಳಗಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗಣಕಯಂತ್ರದ ಬಿಡಿಭಾಗಗಳ ಮಳಿಗೆಗಳು ಸಾಲುಸಾಲಾಗಿವೆ. ಅಲ್ಲಿನ ತರುಣನೊಬ್ಬನ ಮುಂದೆ ಯಂತ್ರವನ್ನಿಟ್ಟೆನು. ಅವನು ತೀರ್ಪು ನೀಡಲಿಲ್ಲ, ವಿಚಾರಣೆಗೆ ತೊಡಗಿದನು. ಮೊದಲು ಪರದೆಯ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದನು. ಮಸುಕಾದ ಚಿತ್ರ ಕಂಡಿದ್ದರೆ, ಪರದೆಯ ಹಿಂದಿನ ದೀಪವಷ್ಟೇ ಕೆಟ್ಟಿದೆಯೆಂದು ಊಹಿಸಬಹುದಿತ್ತು. ಏನೂ ಕಾಣಲಿಲ್ಲ. ಬೇರೊಂದು ಮಾನಿಟರನ್ನು ಜೋಡಿಸಿದನು; ಅದೂ ಕಪ್ಪು. ಎಂದಮೇಲೆ ತಪ್ಪು ಪರದೆಯದಾಗಿರಲಾರದು. ಅನಂತರ ತಳದ ಮುಚ್ಚಳವನ್ನು ತೆಗೆದು, ಎಲ್ಲಕ್ಕಿಂತ ಮುಂಚೆ ಬ್ಯಾಟರಿಯ ಕೊಂಡಿಯನ್ನು ಕಳಚಿದನು.

ಒಳಗೆ ರ‍್ಯಾಮ್ ಎಂಬ ಎರಡು ಪಟ್ಟಿಗಳಿದ್ದವು. ಯಂತ್ರವು ಕೆಲಸ ಮಾಡುವಾಗ ಬೇಕಾದ ಮಾಹಿತಿಯನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುವ ಭಾಗವಿದು. ಬರೆದಿಟ್ಟ ಕಡತಗಳು ಉಳಿಯುವುದು ಬೇರೆಡೆ. ತರುಣನು ಒಂದು ಪಟ್ಟಿಯನ್ನು ಮಾತ್ರ ಕೂರಿಸಿ ನೋಡಿದನು: ಕತ್ತಲೆ. ಅದರ ಹೊನ್ನಿನ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಪುಡಿಯನ್ನು ಕೊಡವಿ ಮತ್ತೆ ಕೂರಿಸಿದನು: ಕತ್ತಲೆಯೇ. ಅದೇ ಸ್ಥಳದಲ್ಲಿ ಎರಡನೆಯದನ್ನು ಕೂರಿಸಿದನು, ಚಿತ್ರ ಮೂಡಿತು! ಪ್ರತಿಸಲವೂ ವಿದ್ಯುತ್ ಸಂಪರ್ಕವನ್ನು ಕಡಿದೇ ಕೈಯಿಕ್ಕುತ್ತಿದ್ದನು. ಸ್ಥಳ ಅದೇ, ಉಳಿದ ಭಾಗಗಳೂ ಅವೇ. ಬದಲಾದುದು ಪಟ್ಟಿ ಮಾತ್ರ. ಎರಡು ಭಾಗಗಳನ್ನು ಒಮ್ಮೆಗೇ ಬದಲಿಸಿದ್ದರೆ ಯಂತ್ರವೇನೋ ನಡೆಯುತ್ತಿತ್ತು; ಕೆಟ್ಟದ್ದು ಯಾವುದೆಂದು ತಿಳಿಯುತ್ತಿರಲಿಲ್ಲ. ನನ್ನ ಬರಹಗಳು ಒಂದೂ ಅಳಿಯದೆ ದೊರೆತವು.

ಇನ್ನೊಂದನ್ನೂ ಗಮನಿಸಿದೆನು. ಅವನು ಕಾಗದದ ಮೇಲೆ ಯಂತ್ರದ ಆಕಾರವನ್ನು ಗೀಚಿ, ಬಿಚ್ಚಿದ ತಿರುಪುಗಳನ್ನು ಅವು ಇದ್ದ ಸ್ಥಾನಗಳಲ್ಲೇ ಇರಿಸಿದ್ದನು. ಗಿಡ್ಡ ತಿರುಪಿನ ರಂಧ್ರಕ್ಕೆ ಉದ್ದನೆಯದನ್ನು ತಿರುಗಿಸಿದರೆ ಒಳಗಿನ ಫಲಕವೇ ಗಾಯಗೊಂಡೀತು.

ಮೊಬೈಲಿಗೂ ಇದೇ ಕ್ರಮ. ಚಾರ್ಜು ಏರುತ್ತಿಲ್ಲವೆಂದೊಡನೆ ಬ್ಯಾಟರಿಯನ್ನು ದೂರಬಾರದು. ಬೇರೆ ತಂತಿ, ಬೇರೆ ಚಾರ್ಜರುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಜೇಬಿನ ನೂಲೆಳೆಗಳು ಧೂಳಿನೊಡನೆ ಸೇರಿ ಚಾರ್ಜಿನ ಕಿಂಡಿಯ ತಳದಲ್ಲಿ ಗಟ್ಟಿಯಾಗಿ ಕೂತಿರುವುದುಂಟು. ಫೋನನ್ನು ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಅದನ್ನು ತೆಗೆಯಬಹುದು, ಸೂಜಿ ಸಲ್ಲದು.

ಆದರೆ ಹಿಂಬದಿಯ ಮುಚ್ಚಳ ಮೇಲೆದ್ದಿದ್ದರೆ, ಇಲ್ಲವೆ ಲ್ಯಾಪ್‌ಟಾಪಿನ ಕೀಲಿಗಳ ಕೆಳಗಿನ ಸ್ಪರ್ಶಫಲಕ ಉಬ್ಬಿದ್ದರೆ, ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿಯೊಳಗೆ ಸುಲಭವಾಗಿ ಉರಿಯುವ ದ್ರಾವಣವಿರುತ್ತದೆ. ಹಳತಾದಾಗಲೋ ಅತಿಯಾಗಿ ಕಾದಾಗಲೋ ಅದು ವಿಘಟನೆಗೊಂಡು ಅನಿಲವಾಗುತ್ತದೆ, ಬ್ಯಾಟರಿ ಉಬ್ಬುತ್ತದೆ. ಅದನ್ನು ಒತ್ತಿದರೆ ಅಥವಾ ಚುಚ್ಚಿದರೆ, ಎರಡು ಧ್ರುವಗಳ ನಡುವಿನ ತೆಳುವಾದ ಪೊರೆ ಹರಿದು ಬೆಂಕಿ ಹೊತ್ತಿಕೊಳ್ಳಬಹುದು. ಚಾರ್ಜರನ್ನು ತೆಗೆದು, ಯಂತ್ರವನ್ನು ಆರಿಸಿ, ಬಲ್ಲವರಿಗೆ ಒಪ್ಪಿಸಬೇಕು. ಇದು ನಿಮ್ಮ ಕೈಯ ಕೆಲಸವಲ್ಲ, ನನ್ನದೂ ಅಲ್ಲ. ತೆಗೆದ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಡನೆ ಬೆರೆಸುವಂತಿಲ್ಲ; 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಪ್ರತ್ಯೇಕವಾಗಿ, ಸಂಗ್ರಹಿಸುವವರ ಕೈಗೇ ಕೊಡಬೇಕು.