ಮೂಟೆ ಹೊತ್ತವನೇ ಮುಖಂಡ

ಮನಶ್ಶಾಸ್ತ್ರದ ಪಠ್ಯಗಳಲ್ಲಿ ಈಗ ಗಟ್ಟಿಯಾಗಿ ಕೂತಿರುವ ‘ಸೇವಕ ನಾಯಕತ್ವ’ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಅದರ ಹಿಂದಿರುವುದು ಅಮೆರಿಕದ ಒಬ್ಬ ಟೆಲಿಫೋನ್ ಕಂಪನಿ ನೌಕರ ಮತ್ತು ಆತ ಓದಿದ ಒಂದು ಜರ್ಮನ್ ಕಾದಂಬರಿ.

ರಾಬರ್ಟ್ ಗ್ರೀನ್‌ಲೀಫ್ ಹುಟ್ಟಿದ್ದು 1904ರಲ್ಲಿ, ಇಂಡಿಯಾನಾ ರಾಜ್ಯದಲ್ಲಿ. 1926ರಲ್ಲಿ ಎಟಿ ಅಂಡ್ ಟಿ ಬಳಗ ಸೇರಿದ ಹೊಸತರಲ್ಲಿ ಟೆಲಿಫೋನ್ ಕಂಬಕ್ಕೆ ಗುಂಡಿ ತೋಡಿದವರು, 1964ರಲ್ಲಿ ಹೊರಬೀಳುವಾಗ ಅಲ್ಲಿನ ಆಡಳಿತ ಸಂಶೋಧನಾ ವಿಭಾಗದ ಮುಖ್ಯಸ್ಥರು. ಧರ್ಮದಿಂದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಆ ಪಂಥದ ಹಿರಿಯ ಜಾನ್ ವುಲ್ಮನ್ ಎಂದರೆ ಅವರಿಗೆ ವಿಶೇಷ ಗೌರವ. ವುಲ್ಮನ್ 18ನೇ ಶತಮಾನದಲ್ಲಿ ಗುಲಾಮರನ್ನಿಟ್ಟುಕೊಂಡಿದ್ದ ಕ್ವೇಕರರ ಮನೆಮನೆಗೆ ಹೋದವರು. ಬೈಯಲಿಲ್ಲ, ಕೂತು ಮಾತಾಡಿದರು. ಆ ಮನೆಗಳಲ್ಲಿ ಗುಲಾಮರು ತಮಗೆ ಮಾಡಿದ ಚಾಕರಿಗೆ ಕೂಲಿ ಕೊಟ್ಟೇ ಹೊರಟರು. ಆತಿಥೇಯರಿಗೆ ಎಷ್ಟು ಇರುಸುಮುರುಸಾಗಿರಬೇಕು! 1772ರಲ್ಲಿ ವುಲ್ಮನ್ ತೀರಿಕೊಂಡರು. ನಾಲ್ಕೇ ವರ್ಷಕ್ಕೆ ಫಿಲಡೆಲ್ಫಿಯಾದ ಕ್ವೇಕರ್ ಸಭೆ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು.

ಇನ್ನು ಕಾದಂಬರಿ. ಹರ್ಮನ್ ಹೆಸ್ಸೆಯ ‘ಪೂರ್ವದೇಶದ ಯಾತ್ರೆ’ (1932). ಯಾತ್ರಿಕರ ಮೂಟೆ ಹೊರುತ್ತ, ಹಾಡು ಹೇಳುತ್ತ ಎಲ್ಲರನ್ನೂ ಉಲ್ಲಾಸದಲ್ಲಿಡುವ ಆಳು ಲಿಯೋ. ಒಂದು ದಿನ ಅವನು ಕಾಣೆಯಾಗುತ್ತಾನೆ, ಗುಂಪು ಚೆಲ್ಲಾಪಿಲ್ಲಿಯಾಗುತ್ತದೆ. ಎಷ್ಟೋ ವರ್ಷಗಳ ಮೇಲೆ ನಿರೂಪಕನಿಗೆ ತಿಳಿಯುತ್ತದೆ, ಯಾತ್ರೆ ಹೊರಡಿಸಿದ ಸಂಘದ ಅಧಿಪತಿಯೇ ಲಿಯೋ. ಹೆಸ್ಸೆಯ ಪೂರ್ವದೇಶ ಪೂರಾ ಕಲ್ಪನೆಯದೇನಲ್ಲ ಬಿಡಿ. ಅವರ ತಾಯಿ ಹುಟ್ಟಿದ್ದು ಮಲಬಾರಿನ ತಲಶ್ಶೇರಿಯಲ್ಲಿ. ತಾಯಿಯ ತಂದೆ ಬಾಸೆಲ್ ಮಿಶನ್‌ನ ಹರ್ಮನ್ ಗುಂಡರ್ಟ್, ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಅವರ ಆಪ್ತ ಗೆಳೆಯ.

ಅಮೆರಿಕದ ಕಾಲೇಜುಗಳು ವಿದ್ಯಾರ್ಥಿ ಚಳವಳಿಗಳಿಂದ ಹೊತ್ತಿ ಉರಿಯುತ್ತಿದ್ದ ದಿನಗಳಲ್ಲಿ, ವಿದ್ಯಾರ್ಥಿಗಳೆಲ್ಲ ಹೆಸ್ಸೆಯನ್ನು ಓದುತ್ತಿರುವುದು ಗ್ರೀನ್‌ಲೀಫ್ ಕಣ್ಣಿಗೆ ಬಿತ್ತು. ತಾವೂ ಓದಿ, ಲಿಯೋನ ಕಥೆಯಿಂದಲೇ ಹೊರಟು 1970ರಲ್ಲಿ ‘ನಾಯಕನಾಗಿ ಸೇವಕ’ ಎಂಬ ಪ್ರಬಂಧ ಬರೆದರು. ಅದರಲ್ಲಿ ಅವರು ಒಡ್ಡುವ ಪರೀಕ್ಷೆ ಕಠಿಣವಾದದ್ದು. ಸೇವೆ ಪಡೆದವರು ಬೆಳೆದರೇ, ಹೆಚ್ಚು ಸ್ವತಂತ್ರರಾದರೇ, ತಾವೂ ಸೇವೆಗೆ ಇಳಿಯುವಂತಾದರೇ? ಸಮಾಜದ ಕಟ್ಟಕಡೆಯವರಿಗೆ ಒಳ್ಳೆಯದಾಯಿತೇ, ಕಡೇಪಕ್ಷ ಅವರ ಪಾಡು ಇನ್ನಷ್ಟು ಕೆಡದೆ ಉಳಿಯಿತೇ?

ಮನಶ್ಶಾಸ್ತ್ರಜ್ಞರು ಬಹುಕಾಲ ಇದನ್ನು ಕೈಗೆತ್ತಿಕೊಳ್ಳಲಿಲ್ಲ. ಅಳೆಯಲಾಗದ್ದು ಅವರಿಗೆ ಯಾಕೆ? 2001ರಲ್ಲಿ ಲೆಕ್ಕಪತ್ರ ವಂಚನೆ ಬಯಲಾಗಿ ಅಮೆರಿಕದ ಎನ್ರಾನ್ ಕಂಪನಿ ಕುಸಿದು, ಚತುರ ನಾಯಕರ ಮೇಲಿದ್ದ ಮೋಹ ಹರಿಯಿತು. 2003ರಲ್ಲಿ ಲೂಯಿಸ್ ಫ್ರೈ ‘ಆಧ್ಯಾತ್ಮಿಕ ನಾಯಕತ್ವ’ದ ಸಿದ್ಧಾಂತ ಮುಂದಿಟ್ಟರು. 2005ರಲ್ಲಿ ಬ್ರೌನ್, ಟ್ರೆವಿನೊ, ಹ್ಯಾರಿಸನ್ ಸೇರಿ ನೈತಿಕ ನಾಯಕತ್ವವನ್ನು 10 ಹೇಳಿಕೆಗಳ ಮಾಪಕಕ್ಕೆ ಇಳಿಸಿದರು. 2008ರಲ್ಲಿ ಲಿಡನ್ ಮತ್ತು ಸಂಗಡಿಗರು ಸೇವಕ ನಾಯಕತ್ವಕ್ಕೆ 28 ಹೇಳಿಕೆಗಳ ಮಾಪಕ ತಯಾರಿಸಿದರು.

ಇಂಥ ಮಾಪಕಗಳಿಂದ ಲಾಭವಿಲ್ಲವೆನ್ನಲಾಗದು: ಮೇಲಧಿಕಾರಿಯ ಗುಣಕ್ಕೆ ಕೈಕೆಳಗಿನವರು ಅಂಕ ಕೊಡುವುದೇ ದೊಡ್ಡ ತಿರುವು. ಆದರೆ ಅಂಕ ಹಾಕುವ ನಮೂನೆ ಹೋಗುವುದು ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರ ಮೇಜಿಗೆ. ಅದೇ ಮೇಜು ಒರೆಸುವ ಗುತ್ತಿಗೆ ಹೆಂಗಸಿನ ಹೆಸರು ಆ ಪಟ್ಟಿಯಲ್ಲಿರುವುದಿಲ್ಲ. ಗ್ರೀನ್‌ಲೀಫ್ ಕೊನೆಯ ಪ್ರಶ್ನೆ ಇದ್ದದ್ದು ಅವಳ ಬಗ್ಗೆ.